ಬಚ್ಚಲೊಲೆಯ ಬೆನ್ನಿನ ಕೋಣೆ

ನಮ್ಮ ಕಡೆ ಚಳಿಯೇ ಇಲ್ಲ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪುತ್ತೂರಿನಿಂದ ಈಚೆಗೆ ಕಾಲಿಡದವರು ಆಡುವ ಮಾತು ಅದು. ಪಂಜದ ಕಡೆಗೆ ಬಂದು, ಧನು ತಿಂಗಳಿನಲ್ಲಿ ಒಂದು ವಾರ ಸೆಗಣಿ ಸಾರಿಸಿದ ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ಅವರ ಬಾಯಿ ತಾನಾಗಿ ಮುಚ್ಚುತ್ತದೆ. ಚಳಿ ಎಂದರೆ ಮಡಿಕೇರಿಯದ್ದು ಎಂದು ನಮ್ಮವರೇ ಹೇಳಿಕೊಂಡು ತಿರುಗುತ್ತಿದ್ದರು. ಮಡಿಕೇರಿಯವರಿಗೆ ಉಣ್ಣೆಯ ಕೋಟು ಇತ್ತು. ನಮ್ಮ ಮುದುಕರಿಗೆ ಇದ್ದದ್ದು ಹೊದೆಯಲು ಒಂದು ಹಳೆಯ ಸೀರೆ, ಹೆಚ್ಚೆಂದರೆ ಒಂದು ಕಂಬಳಿ.

ನಮ್ಮ ಮನೆಗಳನ್ನು ಕಟ್ಟಿದವರ ಕಣ್ಣಿಗೆ ಕಂಡದ್ದು ಮಳೆ ಮತ್ತು ಸೆಕೆ, ಇವೆರಡೇ. ಗೋಡೆಗೂ ಮೇಲಿನ ಮಾಡಿಗೂ ನಡುವೆ ಗಾಳಿ ಆಡಲಿ ಎಂದು ಒಂದು ಮೊಳದ ಸಂದು ಬಿಡುತ್ತಿದ್ದರು. ಬೇಸಗೆಯಲ್ಲಿ ಅದು ಪುಣ್ಯದ ಕೆಲಸ. ಡಿಸೆಂಬರ್ ಬಂತೆಂದರೆ ಅದೇ ಸಂದಿನಲ್ಲಿ ಮಂಜು ಒಳಗೆ ಇಳಿಯುತ್ತಿತ್ತು. ಗಟ್ಟಿಮುಟ್ಟಾಗಿದ್ದವರು ಬೆಳಿಗ್ಗೆ ಎದ್ದು ನಾಲ್ಕು ಕೊಡ ನೀರು ಸೇದಿದರೆ ಮೈ ಬಿಸಿಯಾಗುತ್ತಿತ್ತು. ಪ್ರಾಯ ಆದವರು ಮಾತ್ರ ತಮ್ಮ ಚಳಿಯ ಉಪಾಯ ತಾವೇ ಹುಡುಕಿಕೊಳ್ಳಬೇಕಿತ್ತು.

ಹುಡುಕಿಕೊಂಡಿದ್ದರು ಕೂಡ. ಆಲೆಟ್ಟಿಯಲ್ಲಿದ್ದ ನನ್ನ ಅವ್ವನ ಅಪ್ಪ, ಹಟ್ಟಿಗೆ ತಾಗಿದ ಕೋಣೆಯಲ್ಲಿ ಮಲಗುತ್ತಿದ್ದ. ನಡುವೆ ಇದ್ದದ್ದು ಬಿದಿರಿನ ತಟ್ಟಿ ಮಾತ್ರ. ಆಚೆಯಿಂದ ಎಮ್ಮೆಯ ಉಸಿರು ಬೆನ್ನಿಗೆ ತಾಗುತ್ತದೆ, ಅದರಷ್ಟು ಸುಖ ಮತ್ತೊಂದಿಲ್ಲ ಎನ್ನುತ್ತಿದ್ದ. ಅಜ್ಜನ ಹತ್ತಿರ ಹೋದರೆ ಹಟ್ಟಿಯದೇ ವಾಸನೆ. ಮಂಡೆಕೋಲಿನಲ್ಲಿ ನನ್ನ ಗಂಡನ ಮನೆಯ ಹತ್ತಿರ ಒಬ್ಬ ಮುದುಕ, ಮಣ್ಣಿನ ಚಟ್ಟಿಯಲ್ಲಿ ಉಮಿ ತುಂಬಿಸಿ ಮೇಲೆ ನಾಲ್ಕು ಕೆಂಡ ಹಾಕಿ ಮಂಚದ ಅಡಿಗೆ ಇಟ್ಟುಕೊಳ್ಳುತ್ತಿದ್ದ. ಎರಡು ಸಲ ಪಂಚೆಯ ಸೆರಗು ಸುಟ್ಟುಕೊಂಡರೂ ಚಟ್ಟಿ ಬಿಡಲಿಲ್ಲ. ಬಿಸಿಲು ಹಿಡಿಯುವವರಂತೂ ಮನೆಗೊಬ್ಬರು. ಒಂದು ಮಣೆ ಹಿಡಿದುಕೊಂಡು ಬೆಳಗಿನ ಹೊತ್ತು ಅಂಗಳದ ಈ ಮೂಲೆಯಲ್ಲಿ ಕೂತರೆ, ಸಂಜೆಗೆ ಆ ಮೂಲೆಯಲ್ಲಿ ಇರುತ್ತಿದ್ದರು.

ನನ್ನ ಅಪ್ಪನ ಅವ್ವ, ನಾನು ಬರೀ ಅಜ್ಜಿ ಎಂದು ಕರೆಯುತ್ತಿದ್ದವಳು, ಇವರೆಲ್ಲರಿಗಿಂತ ಅದೃಷ್ಟವಂತೆ ಎಂದು ಊರಿನವರು ಹೇಳುತ್ತಿದ್ದರು. ಅವಳಿಗೆ ಒಂದು ಗೋಡೆ ಇತ್ತು.

ನಮ್ಮ ಮನೆಯ ಬಚ್ಚಲು ಹಿಂದುಗಡೆ ಇತ್ತು. ಅದರ ಹಂಡೆಯ ಒಲೆಯನ್ನು ಒಂದು ಮಣ್ಣಿನ ಗೋಡೆಗೆ ಒತ್ತಿ ಕಟ್ಟಿದ್ದರು. ಗೋಡೆಯ ಈಚೆಗೆ ಒಂದು ಸಣ್ಣ ಕೋಣೆ, ಕಿಟಕಿ ಇಲ್ಲ, ಮೇಲೆ ಹಲಗೆಯ ಅಟ್ಟ. ಒಲೆಗೆ ಸೌದೆಯ ಜೊತೆಗೆ ಅಡಿಕೆ ಸಿಪ್ಪೆ ತುಂಬಿಸಿಬಿಟ್ಟರೆ ಅದು ಹಗಲಿಡೀ ಸುಮ್ಮನೆ ಉರಿಯುತ್ತಾ ಇರುತ್ತಿತ್ತು. ಸಂಜೆಯ ಹೊತ್ತಿಗೆ ಈಚೆ ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆಯಷ್ಟು ಬಿಸಿ. ಅಜ್ಜಿ ಆ ಗೋಡೆಗೆ ಬೆನ್ನು ಕೊಟ್ಟು ಕೂತು ಎಲೆಅಡಿಕೆ ಜಗಿಯುತ್ತಿದ್ದಳು, ಹಾಗೆಯೇ ಒರಗಿ ಮಲಗುತ್ತಿದ್ದಳು. "ನಿನ್ನ ಅಜ್ಜನಿಗೆ ಒರಗಿದ್ದಕ್ಕಿಂತ ಈ ಗೋಡೆಗೆ ಒರಗಿದ್ದೇ ಹೆಚ್ಚು. ಇದು ಒಂದು ದಿನವೂ ನನಗೆ ಬೈಯಲಿಲ್ಲ," ಎಂದು ನಗುತ್ತಿದ್ದಳು. ಅವಳ ಬೆನ್ನು ತಾಗಿ ತಾಗಿ ಗೋಡೆಯ ಆ ಜಾಗ ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು.

ಆದರೆ ಆ ಕೋಣೆಗೆ ಇನ್ನೊಂದು ಕೆಲಸವೂ ಇತ್ತು. ಮನೆಯಲ್ಲಿ ಹೆರಿಗೆ ಆದರೆ ಬಾಣಂತಿಯನ್ನು ಅಲ್ಲಿಯೇ ಮಲಗಿಸಬೇಕು. ಗಾಳಿ ಇಲ್ಲ, ಬಿಸಿ ಉಂಟು, ಬಚ್ಚಲಿಗೆ ಎರಡೇ ಹೆಜ್ಜೆ. ಅಪ್ಪ ಹುಟ್ಟಿದ್ದು ಅಲ್ಲಿ, ನಾನು ಹುಟ್ಟಿದ್ದೂ ಅಲ್ಲಿಯೇ. ಎಷ್ಟು ಹೆರಿಗೆ ಆಯಿತೋ ಅಷ್ಟು ಸಲ ಮನೆಯ ಹಿರಿಯ ಹೆಂಗಸು ಆ ಕೋಣೆ ಬಿಟ್ಟು ಹೊರಗಿನ ಚಾವಡಿಗೆ ಬರುತ್ತಿದ್ದಳು. ಇದನ್ನು ಯಾರೂ ತ್ಯಾಗ ಎನ್ನಲಿಲ್ಲ. ಊಟಕ್ಕೆ ಬಂದವರಿಗೆ ಎಲೆ ಬಿಟ್ಟುಕೊಡುವಷ್ಟೇ ಸಲೀಸಾದ ಸಂಗತಿ ಅದು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನಾನು ಮೊದಲ ಹೆರಿಗೆಗೆ ತವರಿಗೆ ಬಂದೆ. ನಮಗೆಲ್ಲ ಲೆಕ್ಕ ತಪ್ಪಿತ್ತು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಆಗುತ್ತದೆ ಎಂದುಕೊಂಡದ್ದು ಧನು ತಿಂಗಳಿಗೆ ಹೋಯಿತು. ಆ ವರ್ಷ ಅಜ್ಜಿಗೆ ಎಪ್ಪತ್ತು ದಾಟಿತ್ತು. ಕಾರ್ತಿಕದಲ್ಲೇ ಒಂದು ಸಲ ಕೆಮ್ಮು ಹಿಡಿದು ಹದಿನೈದು ದಿನ ಬಿಟ್ಟಿರಲಿಲ್ಲ. ನನಗೆ ನೋವು ಶುರುವಾದ ಬೆಳಿಗ್ಗೆ ಅವಳೇ ತನ್ನ ಗಂಟು ಎತ್ತಿಕೊಂಡು ಕೋಣೆಯಿಂದ ಹೊರಗೆ ಬಂದಳು. ಅವ್ವ, "ಅತ್ತೆ, ನೀವು ಅಡಿಗೆಮನೆಯಲ್ಲಿ ಒಲೆಯ ಹತ್ತಿರ ಮಲಗಿ," ಎಂದಳು. "ಅಡಿಗೆಮನೆಯಲ್ಲಿ ಮಲಗುದಾ? ಬೆಕ್ಕು ಮಲಗ್ತದೆ ಅಲ್ಲಿ," ಎಂದು ಅಜ್ಜಿ ಚಾವಡಿಗೆ ಹೋದಳು.

ಚಾವಡಿ ಎಂದರೆ ಮೂರು ಕಡೆ ಗೋಡೆ, ಎದುರಿಗೆ ಮರದ ಸರಳುಗಳ ಅಳಿ ಹಾಕಿದ ಖಾಲಿ ಜಾಗ. ಅದರ ಒಂದು ತುದಿಯಲ್ಲಿ ದೈವದ ಕೋಣೆ. ಆ ಕೋಣೆಗೆ ಸಂಜೆ ದೀಪ ಇಡುವುದು ಅಜ್ಜಿಯ ಕೆಲಸ. ಅವಳು ಮದುವೆಯಾಗಿ ಬಂದು, ಅವಳ ಅತ್ತೆ ಹೋದ ಮೇಲೆ ಕೈಗೆ ಬಂದದ್ದು. ಜ್ವರ ಬಂದಾಗಲೂ ಎದ್ದು ಹಚ್ಚಿ ಬಂದು ಮಲಗುತ್ತಿದ್ದಳು.

ಹೆರಿಗೆಯ ಮೈಲಿಗೆಗೆ ನಮ್ಮ ಕಡೆ ಅಮೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಹದಿನಾರು ದಿನ. ಅಷ್ಟು ದಿನ ಬಾಣಂತಿಯನ್ನು, ಮಗುವನ್ನು, ಆ ಕೋಣೆಯ ಬಟ್ಟೆಯನ್ನು ಮುಟ್ಟಿದವರು ತಲೆಗೆ ಮೀಯದೆ ಅಡಿಗೆಮನೆಗಾಗಲಿ ದೈವದ ಕೋಣೆಗಾಗಲಿ ಹೋಗುವ ಹಾಗಿಲ್ಲ. ನನ್ನನ್ನು ಮುಟ್ಟುತ್ತಿದ್ದವರು ಇಬ್ಬರೇ. ಬೆಳಿಗ್ಗೆ ಸಂಜೆ ಬಂದು ಮೀಯಿಸಿ ಹೋಗುವ ಒಬ್ಬಳು ಹೆಂಗಸು, ಮತ್ತೆ ಅವ್ವ. ಅವ್ವ ದಿನಕ್ಕೆ ಎರಡು ಸಲ ಮಿಂದು ಅಡಿಗೆ ಮಾಡುತ್ತಿದ್ದಳು. ಹಾಗಾಗಿ ದೀಪದ ಕೆಲಸ ಪೂರ್ತಿಯಾಗಿ ಅಜ್ಜಿಯ ಮೇಲೆಯೇ ಇತ್ತು. ಅವಳು ನನ್ನ ಮಗಳನ್ನು ನೋಡಿದ್ದು ಬಾಗಿಲ ಹೊರಗೆ ನಿಂತುಕೊಂಡು. "ಮೂಗು ನಮ್ಮದೇ," ಎಂದು ಹೇಳಿ ಹೋದಳು.

ಒಳಗೆ ನನ್ನ ಅವಸ್ಥೆ ಕೇಳಬೇಡಿ. ಸೊಪ್ಪು ಹಾಕಿ ಕುದಿಸಿದ ನೀರನ್ನು ಆ ಹೆಂಗಸು ಹಂಡೆಗಟ್ಟಲೆ ಬೆನ್ನಿಗೆ ಹೊಡೆಯುತ್ತಿದ್ದಳು. ಮಿಂದು ಬಂದರೆ ಮಂಚದ ಅಡಿಗೆ ಕೆಂಡ. ಕುಡಿಯಲು ಕಾಳುಮೆಣಸಿನ ಕಷಾಯ, ಉಣ್ಣಲು ಬೆಳ್ಳುಳ್ಳಿಯ ಸಾರು. ಬೆನ್ನ ಹಿಂದೆ ಆ ಗೋಡೆ. ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ಬಾಗಿಲು ಮುಚ್ಚಿದ ಮೇಲೆ ನಾನು ಬೆಂದೇ ಹೋಗುತ್ತಿದ್ದೆ. ಕೆಂಡ ತೆಗೆಯಿರಿ ಎಂದರೆ, "ಈಗ ಹಾಗೆ ಹೇಳ್ತಿ, ನಲವತ್ತು ದಾಟಿದ ಮೇಲೆ ಸೊಂಟ ಹಿಡಿಯುವಾಗ ಗೊತ್ತಾಗ್ತದೆ," ಎಂದು ಅವ್ವ ಇನ್ನೊಂದು ತೆಂಗಿನ ಗೆರಟೆ ಹಾಕುತ್ತಿದ್ದಳು. ಇಡೀ ಮನೆಯ ಬಿಸಿಯನ್ನೆಲ್ಲ ನನ್ನೊಬ್ಬಳ ಮೇಲೆ ಸುರಿಯುತ್ತಿದ್ದರು. ನನಗೆ ಅದು ಒಂದು ಚೂರೂ ಬೇಕಾಗಿರಲಿಲ್ಲ.

ಐದನೆಯ ದಿನವೋ ಆರನೆಯ ದಿನವೋ ಚಾವಡಿಯಿಂದ ಅಜ್ಜಿಯ ಕೆಮ್ಮು ಕೇಳತೊಡಗಿತು. ಮೊದಲು ಬೆಳಗಿನ ಜಾವ ಮಾತ್ರ, ಆಮೇಲೆ ಹಗಲೂ. ಅಪ್ಪ ಚಾವಡಿಯ ಅಳಿಗೆ ಗೋಣಿ ಕಟ್ಟಿದ. ಗೋಣಿ ಮಂಜಿಗೆ ಒದ್ದೆಯಾಗಿ ಇನ್ನಷ್ಟು ತಂಪಾಯಿತು. ಚಟ್ಟಿಯಲ್ಲಿ ಕೆಂಡ ಇಟ್ಟುಕೊಟ್ಟರು. ಹೊಗೆಗೆ ಕೆಮ್ಮು ಜಾಸ್ತಿಯಾಗಿ ಅಜ್ಜಿಯೇ ಅದನ್ನು ಅಂಗಳಕ್ಕೆ ನೂಕಿದಳು. ಬಿಸಿಲು ಬರುವವರೆಗೆ ಅವಳು ಎರಡು ಕಾಲನ್ನೂ ಅಡಿಕೆಯ ಗೋಣಿಯೊಳಗೆ ಇಳಿಸಿ ಕೂತಿರುತ್ತಿದ್ದಳಂತೆ. ಅವ್ವ ಬಂದು ಇದನ್ನು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಹನ್ನೊಂದನೆಯ ದಿನ ಬೆಳಗಿನಿಂದಲೇ ಮೋಡ. ಆ ತಿಂಗಳಿನಲ್ಲಿ ಒಮ್ಮೊಮ್ಮೆ ಹಾಗೆ ಆಗುತ್ತದೆ, ಮಳೆ ಬರುವುದಿಲ್ಲ, ಬಿಸಿಲೂ ಬೀಳುವುದಿಲ್ಲ. ಊಟವಾದ ಮೇಲೆ ಅವ್ವ ನನ್ನ ಬಟ್ಟೆಗಳನ್ನು ಒಗೆಯಲು ತೋಟದಾಚೆ ಹರಿಯುವ ತೋಡಿಗೆ ಹೋದಳು. ಅಪ್ಪ ಪಂಜಕ್ಕೆ ಹೋಗಿದ್ದ. ಸೆಕೆ ತಡೆಯಲಾಗದೆ ನಾನು ಎದ್ದು ಬಾಗಿಲನ್ನು ಅರ್ಧ ತೆರೆದೆ. ಅಲ್ಲಿಂದ ನೇರ ಚಾವಡಿ ಕಾಣುತ್ತಿತ್ತು. ಅಜ್ಜಿ ಕಂಬಕ್ಕೆ ಒರಗಿ, ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದಳು. ಅವಳ ಗಲ್ಲ ನಡುಗುತ್ತಿತ್ತು. ನನ್ನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ನಮ್ಮಿಬ್ಬರ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ.

"ಅಜ್ಜಿ, ಒಳಗೆ ಬಾ. ಸ್ವಲ್ಪ ಹೊತ್ತು ಕೂತು ಹೋಗು," ಎಂದೆ.

"ನಿನಗೆಂತ ಮರುಳಾ? ಇನ್ನೂ ಐದು ದಿನ ಉಂಟು."

"ಮನೆಯಲ್ಲಿ ಯಾರೂ ಇಲ್ಲ. ಯಾರು ನೋಡುದು?"

ಅಜ್ಜಿ ಗಲ್ಲ ಎತ್ತಿ ದೈವದ ಕೋಣೆಯ ಕಡೆ ತೋರಿಸಿದಳು. "ಮನೆಯಲ್ಲಿ ಯಾರೂ ಇಲ್ಲ ಅಂತ ಹೇಳಬೇಡ ಮಾರಾಯ್ತಿ."

ನಾನು ಅಷ್ಟಕ್ಕೇ ಬಿಡಬಹುದಿತ್ತು. ಐದು ದಿನ ಏನೂ ದೊಡ್ಡದಲ್ಲ. ಅಮೆ ಕಳೆದ ಮೇಲೆ ಮುಟ್ಟಿದರೂ ಮೀಯಬೇಕಾಗಿಲ್ಲ, ಅಜ್ಜಿ ನನ್ನ ಪಕ್ಕದಲ್ಲೇ ಬಂದು ಮಲಗಬಹುದಿತ್ತು. ಆದರೆ ನನಗೆ ಚಿಕ್ಕಂದಿನಿಂದಲೂ ಹಿಡಿದದ್ದು ಬಿಡುವ ಅಭ್ಯಾಸ ಇಲ್ಲ. ಮಗಳನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತೆ. "ಇವಳನ್ನು ಒಂದು ಸಲವೂ ಎತ್ತಿಕೊಳ್ಳಬೇಕು ಅಂತ ಇಲ್ಲವಾ ನಿನಗೆ? ಮೂಗು ನಮ್ಮದೇ ಅಂತ ಹೇಳಿದ್ದು ಬರೀ ಬಾಯಿಮಾತಾ?" ಎಂದೆ. ಅದೇ ಹೊತ್ತಿಗೆ ಮಗು ಕೂಡ ಅತ್ತಿತು. ಅಜ್ಜಿ ಎದ್ದು ಬಂದಳು.

ಒಳಗೆ ಬಂದವಳು ಗೋಡೆಗೆ ಬೆನ್ನು ತಾಗಿಸಿದ ಕೂಡಲೇ ಕಣ್ಣು ಮುಚ್ಚಿದಳು. ಮಗುವನ್ನು ಮಡಿಲಲ್ಲಿ ಇಟ್ಟೆ. ಅಜ್ಜಿ ಅದರ ಕಾಲಿನ ಬೆರಳನ್ನು ಒಂದೊಂದಾಗಿ ಹಿಡಿದು ನೋಡಿದಳು. ನನ್ನ ಅಪ್ಪ ಹುಟ್ಟಿದಾಗ ಇದೇ ಮೂಲೆಯಲ್ಲಿ ಹಾವು ಬಂದ ಕತೆ ಹೇಳಲು ಶುರು ಮಾಡಿ, ಅರ್ಧಕ್ಕೆ ಬರುವಾಗ ನಿದ್ರೆ ಹೋದಳು. ಕೆಮ್ಮು ನಿಂತಿತ್ತು. ಮುಖಕ್ಕೆ ರಕ್ತ ಬಂದಿತ್ತು. ನಾನು ಮಗುವನ್ನು ಮೆಲ್ಲ ತೆಗೆದುಕೊಂಡು, ಇದ್ದ ಎರಡು ಕಂಬಳಿಯನ್ನೂ ಅವಳಿಗೆ ಹೊದೆಸಿದೆ. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಹೆತ್ತ ದಿನವೂ ಅಷ್ಟು ಆಗಿರಲಿಲ್ಲ. ಎಬ್ಬಿಸಲು ಮನಸ್ಸು ಬರಲಿಲ್ಲ.

ದನಗಳು ಹಟ್ಟಿಗೆ ಬರುವ ಗಂಟೆಯ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಬಾಗಿಲಿನ ಸಂದಿನಲ್ಲಿ ಬೆಳಕು ಕಮ್ಮಿಯಾದದ್ದನ್ನು ನೋಡಿ ದಡಬಡ ಎದ್ದಳು. "ದೀಪ," ಎಂದಳು.

"ಅಪ್ಪ ಬಂದು ಹಚ್ಚಲಿ ಅಜ್ಜಿ."

"ನಿನ್ನ ಅಪ್ಪ ಬರುವಾಗ ಕತ್ತಲಾಗ್ತದೆ."

"ಹಾಗಾದರೆ ನೀನು ಹಾಗೆಯೇ ಹಚ್ಚು. ಒಳಗೆ ಬಂದದ್ದು ಯಾರಿಗೂ ಗೊತ್ತಿಲ್ಲ."

"ನನಗೆ ಗೊತ್ತುಂಟಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

ಆಗ ನನಗೆ ಹೊಳೆಯಿತು, ಅವಳು ಈಗ ಮೀಯಬೇಕು ಎಂದು. ಇಷ್ಟು ಹೊತ್ತು ಅದು ನನ್ನ ತಲೆಗೇ ಬಂದಿರಲಿಲ್ಲ. ಗೋಡೆಯ ಆಚೆಗೆ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಅದರಲ್ಲಿ ಮೀಯಲು ಹೇಳಿದೆ, ಕೈ ಹಿಡಿದು ಹೇಳಿದೆ.

"ಅದು ಬಾಣಂತಿಯ ನೀರು. ಬಚ್ಚಲೂ ಬಾಣಂತಿಯದ್ದೇ ಈಗ. ಅಲ್ಲಿ ಮಿಂದರೆ ಮಿಂದ ಹಾಗೆ ಆಗುದಿಲ್ಲ," ಎಂದಳು. ಅಡಿಗೆಮನೆಯ ಒಲೆಯಲ್ಲಿ ಬೇರೆ ನೀರು ಕಾಯಿಸೋಣ ಎಂದರೆ ಮೀಯದೆ ಅವಳು ಅಡಿಗೆಮನೆಗೆ ಹೋಗುವ ಹಾಗಿಲ್ಲ. ನಾನು ಹೋಗುವ ಪ್ರಶ್ನೆಯೇ ಇಲ್ಲ. ಅವ್ವ ಇನ್ನೂ ತೋಡಿನಿಂದ ಬಂದಿರಲಿಲ್ಲ. ಯಾವ ಕಡೆಯಿಂದ ನೋಡಿದರೂ ದಾರಿ ಬಾವಿಕಟ್ಟೆಗೇ ಹೋಗುತ್ತಿತ್ತು. ಅಜ್ಜಿ ಅತ್ತ ಹೋದಳು.

ಉಟ್ಟ ಸೀರೆಯಲ್ಲೇ ತಲೆಗೆ ಹೊಯ್ದುಕೊಂಡಳು. ಕೊಡಪಾನದಿಂದ ನೀರು ಬೀಳುವ ಸದ್ದು ನನಗೆ ಒಳಗೆ ಕೇಳುತ್ತಿತ್ತು. ಒಂದೊಂದು ಸಲ ಹೊಯ್ದುಕೊಂಡಾಗಲೂ ಉಸಿರು ಸಿಕ್ಕಿದ ಹಾಗೆ "ಹ್ಹಾ" ಎನ್ನುತ್ತಿದ್ದಳು. ನಾನು ಎದ್ದು ಹೋಗಿ ಕೊಡಪಾನ ಕಸಿದುಕೊಳ್ಳಬಹುದಿತ್ತು. ಬಾಣಂತಿ ಅಂಗಳಕ್ಕೆ ಇಳಿಯಬಾರದು ಎಂಬ ಮಾತು ಆ ಹೊತ್ತಿನಲ್ಲಿ ನನಗೂ ಅನುಕೂಲವಾಯಿತು. ಮಂಚದ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತಾ ಇದ್ದೆ.

ಅವ್ವ ಬರುವಾಗ ಅಜ್ಜಿ ದೀಪ ಹಚ್ಚಿ ಕೈಮುಗಿದು ನಿಂತಿದ್ದಳಂತೆ. "ಇಷ್ಟು ಹೊತ್ತಿಗೆ ಎಂತಕ್ಕೆ ಮಿಂದದ್ದು ಅತ್ತೆ?" ಎಂದು ಅವ್ವ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು.

"ಮಗು ಕೂಗ್ತಾ ಇತ್ತು. ಹೋಗಿ ಎತ್ತಿಕೊಂಡೆ."

"ಇವಳು ಎಲ್ಲಿ ಹೋಗಿದ್ದಳು?"

"ನಿದ್ರೆ ಬಂದಿತ್ತು, ಪಾಪ," ಎಂದಳು ಅಜ್ಜಿ. ನಾನು ಒಳಗೆ ಕಣ್ಣು ಮುಚ್ಚಿ ಮಲಗಿಕೊಂಡೆ.

ಮರುದಿನ ಸಂಜೆಗೆ ಜ್ವರ ಏರಿತು. ಅದರ ಮರುದಿನ ಎದೆಯಲ್ಲಿ ಗೊರಗೊರ ಸದ್ದು. ಶುಂಠಿ, ತುಳಸಿ, ಜೀರಿಗೆ, ಎಲ್ಲ ಕಷಾಯವೂ ಆಯಿತು. ಅಪ್ಪ ಸುಳ್ಯಕ್ಕೆ ಹೋಗಿ ಒಬ್ಬ ಡಾಕ್ಟರನ್ನು ಕರೆದುಕೊಂಡು ಬಂದ. ಅವರು ಎದೆಗೆ ಕೊಳವೆ ಇಟ್ಟು ಕೇಳಿ, ಒಂದು ಇಂಜೆಕ್ಷನ್ ಚುಚ್ಚಿ, "ಶೀತ ಎದೆಗೆ ಇಳಿದಿದೆ. ಪುತ್ತೂರಿಗೆ ಕರೆದುಕೊಂಡು ಹೋಗುವ ಹಾಗಿದ್ದರೆ ಒಳ್ಳೆಯದು. ಆಗದಿದ್ದರೆ ಬೆಚ್ಚಗಿನ ಜಾಗದಲ್ಲಿ ಮಲಗಿಸಿ, ಇಲ್ಲಿ ಬೇಡ," ಎಂದರು. ಪುತ್ತೂರಿನವರೆಗೆ ಆ ದಾರಿಯಲ್ಲಿ ಅವಳು ತಡೆಯುವ ಹಾಗಿರಲಿಲ್ಲ. ಬೆಚ್ಚಗಿನ ಜಾಗ ಮನೆಯಲ್ಲಿ ಒಂದೇ ಇತ್ತು. ನನ್ನ ಬಾಗಿಲಿನ ಕಡೆ ಅಪ್ಪ ಒಂದು ಸಲ ನೋಡಿ ತಲೆ ತಗ್ಗಿಸಿದ್ದು ನನಗೆ ಕಂಡಿತು. ನಾನು, "ಅಜ್ಜಿಯನ್ನು ಒಳಗೆ ತನ್ನಿ, ನಾನು ಎಲ್ಲಿಯಾದರೂ ಮಲಗುತ್ತೇನೆ," ಎಂದು ಅಳುತ್ತಾ ಹೇಳಿದೆ. ಹಸಿ ಬಾಣಂತಿಯನ್ನು ಹೊರಗೆ ಹಾಕಿ ಇಬ್ಬರನ್ನೂ ಕಳೆದುಕೊಳ್ಳುವುದಾ ಎಂದು ಅವ್ವ ಬೈದಳು. ಅಜ್ಜಿಯೂ ಬರುವುದಿಲ್ಲ ಎಂದಳಂತೆ. "ಅಮೆ ಕಳೆಯಲಿ. ಬಂದರೆ ಮತ್ತೆ ಮೀಯಬೇಕಲ್ಲ," ಎಂದಳಂತೆ. ಅವಳ ಮಾತಿಗೆ ಎದುರಾಡಲು ಅಪ್ಪನಿಗೆ ಧೈರ್ಯ ಬರಲಿಲ್ಲ. ಪ್ರೀತಿ ಇರಲಿಲ್ಲ ಎಂದಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇನ್ನೊಬ್ಬರ ಮೇಲೆ ಪ್ರೀತಿ ಕಮ್ಮಿ ಇರಲಿಲ್ಲ, ಅದನ್ನು ನೆನೆದರೆ ನನಗೆ ಇನ್ನಷ್ಟು ಸಂಕಟವಾಗುತ್ತದೆ.

ಹದಿನಾರನೆಯ ದಿನ ಅಮೆ ಕಳೆಯುವ ಪುಣ್ಯಾರ್ಚನೆಯ ನೀರು ಎಲ್ಲ ಕಡೆಗೆ ಚಿಮುಕಿಸಿ ಆಯಿತು. ಆ ಕೂಡಲೇ ಅಪ್ಪ ಅಜ್ಜಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಗೋಡೆಯ ಹತ್ತಿರ ಮಲಗಿಸಿದ. ಈಗ ನಾವು ಮೂವರೂ ಆ ಕೋಣೆಯಲ್ಲಿ. ನಾನು ಅವಳ ಕೈ ಹಿಡಿದುಕೊಂಡೆ, ಯಾರೂ ಬೇಡ ಎನ್ನಲಿಲ್ಲ. ಒಲೆಗೆ ಎರಡರಷ್ಟು ಸೌದೆ ಹಾಕಿದರು. ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣು ತೆರೆದು ಹೊದ್ದದ್ದನ್ನು ಒದೆಯತೊಡಗಿದಳು. "ಸೆಕೆ, ಸೆಕೆ ಆಗ್ತದೆ. ನನ್ನನ್ನು ಗಾಳಿಗೆ ಮಲಗಿಸಿ," ಎಂದಳು. ಜ್ವರದ ಮೈ. ಗೋಡೆಗಿಂತ ಅವಳೇ ಬಿಸಿ ಇದ್ದಳು. ಅಷ್ಟು ದಿನ ಕಾದು ಸಿಕ್ಕಿದ ಬಿಸಿ ಅವಳಿಗೆ ಆಗ ಹಿಂಸೆಯಾಗಿತ್ತು. ನಾನು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿದೆ. ಒಲೆಯ ಬೆಂಕಿ ಆರಿಸಲು ಯಾರಿಗೂ ಹೇಳಲಿಲ್ಲ, ಡಾಕ್ಟರು ಬೆಚ್ಚಗಿಡಿ ಎಂದಿದ್ದರಲ್ಲ.

ಎರಡು ದಿನ ಹಾಗೆ ಇದ್ದಳು. ಹಾವಿನ ಕತೆಯ ಉಳಿದ ಅರ್ಧ ಹೇಳು ಎಂದು ಕೇಳಿದೆ, ನನ್ನನ್ನು ಗುರುತು ಹಿಡಿಯಲಿ ಎಂದು. ಅವಳು ನನ್ನನ್ನು ತನ್ನ ಅತ್ತೆ ಎಂದುಕೊಂಡಿದ್ದಳು. "ದೀಪ ಹಚ್ಚಿದೆ ಅತ್ತೆ, ಹಚ್ಚಿದೆ," ಎನ್ನುತ್ತಿದ್ದಳು. ಹದಿನೆಂಟನೆಯ ದಿನ ಬೆಳಿಗ್ಗೆ ಉಸಿರು ಬದಲಾಯಿತು. ಅಪ್ಪ ಬಗ್ಗಿ ನೋಡಿ, "ಹೊರಗೆ ತೆಗೆಯುವ," ಎಂದ. ಜೀವ ಹೋಗುವಾಗ ಬಾಣಂತಿಯ ಕೋಣೆಯಲ್ಲಿ ಇರಬಾರದು. ಮತ್ತೆ ಎತ್ತಿಕೊಂಡು ಹೋಗಿ ಚಾವಡಿಯ ನೆಲದಲ್ಲಿ ಮಲಗಿಸಿದರು. ಅವ್ವ ನನ್ನ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು. ಹಸಿ ಮೈಯವಳು ಅದನ್ನೆಲ್ಲ ನೋಡಬಾರದಂತೆ. ಅವರು ಬಾಯಿಗೆ ನೀರು ಬಿಟ್ಟದ್ದು, ಅಪ್ಪ ಒಂದು ಸಲ "ಅವ್ವಾ" ಎಂದು ಕರೆದದ್ದು, ಆಮೇಲೆ ಹೆಂಗಸರ ಅಳು, ಎಲ್ಲವನ್ನೂ ನಾನು ಬಾಗಿಲಿಗೆ ಕಿವಿ ಕೊಟ್ಟು ಕೇಳಿದೆ.

ಬಾಣಂತನದ ಉಳಿದ ದಿನಗಳನ್ನು ಅದೇ ಕೋಣೆಯಲ್ಲಿ ಕಳೆದೆ. ಕಳೆಯದೆ ಎಲ್ಲಿ ಹೋಗಲಿ. ಒಲೆ ಉರಿಯುತ್ತಿತ್ತು, ಕಷಾಯ ಬರುತ್ತಿತ್ತು, ಮಗು ಹಾಲು ಕುಡಿದು ದಪ್ಪವಾಗುತ್ತಿತ್ತು. ನಾನು ಗೋಡೆಗೆ ಬೆನ್ನು ಕೊಡುವುದನ್ನು ಬಿಟ್ಟೆ ಎಂದು ಬರೆಯಬೇಕೆಂದು ಆಸೆ. ಬಿಡಲಿಲ್ಲ. ಸೊಂಟ ನೋಯುತ್ತಿತ್ತು, ಒರಗುತ್ತಿದ್ದೆ. ಅಜ್ಜಿಯನ್ನು ಒಳಗೆ ಕರೆದವಳು ನಾನು ಎಂದು ಯಾರಿಗೂ ಹೇಳಲಿಲ್ಲ. ಗಂಡನ ಮನೆಗೆ ಹೊರಡುವ ದಿನ ಹೇಳುವ ಎಂದುಕೊಂಡೆ. ಆ ದಿನ ಅವ್ವ ದೈವದ ಕೋಣೆಯ ಹಿತ್ತಾಳೆ ದೀಪವನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಾ ಕೂತಿದ್ದಳು. ಇನ್ನು ಮೇಲೆ ಆ ಕೆಲಸ ಅವಳದ್ದು. ಹೇಳದೆ ಹೊರಟೆ.

ಎಂಟು ವರ್ಷ ಕಳೆಯಿತು. ಅಪ್ಪ ತೀರಿಹೋಗಿದ್ದ, ಅಷ್ಟರವರೆಗೆ ಹೊರ ಊರಿನಲ್ಲಿದ್ದ ಅಣ್ಣ ಮನೆಗೆ ಬಂದು ನೆಲೆಸಿದ್ದ. ಅವ್ವ ಆ ಕೋಣೆಗೆ ಬಂದಿದ್ದಳು, ಚಳಿಗಾಲದಲ್ಲಿ ಅವಳಿಗೂ ಗಂಟುಗಳು ಬಿಗಿಯುತ್ತಿದ್ದವು. ನನ್ನ ಅಣ್ಣನ ಹೆಂಡತಿ ಮೂರನೆಯದಕ್ಕೆ ಬಸುರಿಯಾದಳು. ಅವಳ ತವರಿನಲ್ಲಿ ಬಾಣಂತನ ಮಾಡಲು ಯಾರೂ ಉಳಿದಿರಲಿಲ್ಲ, ಹಾಗಾಗಿ ಹೆರಿಗೆ ನಮ್ಮಲ್ಲೇ ಆಯಿತು. ಡಿಸೆಂಬರ್ ಕೊನೆಯಲ್ಲಿ ನನಗೆ ಮಂಡೆಕೋಲಿಗೆ ಸುದ್ದಿ ಬಂತು. ಸುಳ್ಯದ ಪೇಟೆಯಲ್ಲಿ ಬಸ್ಸು ಬದಲಿಸುವಾಗ ಒಂದು ದಪ್ಪ ಕಂಬಳಿ ತೆಗೆದುಕೊಂಡೆ. ಬಸ್ಸಿನಲ್ಲಿ ಕೂತು ಅವ್ವನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಾ ಹೋದೆ. ನಡೆದದ್ದನ್ನೆಲ್ಲ ಹೇಳಿಬಿಟ್ಟರೆ ಈ ಸಲವಾದರೂ ಅವಳು ಚಾವಡಿಯಲ್ಲಿ ಮಲಗಲಿಕ್ಕಿಲ್ಲ, ಅಡಿಗೆಮನೆಗಾದರೂ ಹೋದಾಳು ಎಂಬ ಆಸೆ ನನ್ನದು.

ಮನೆಗೆ ಬಂದವಳು ಮೊದಲು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡೆ. ಹಾಗೆ ಮಾಡಬಾರದಿತ್ತು, ಆದರೆ ಅತ್ತಿಗೆ ಕರೆದಳು. ಅವಳೂ ಬೆವರಿನಲ್ಲಿ ತೊಯ್ದುಹೋಗಿದ್ದಳು. ಹೊರಗೆ ಬಂದರೆ ಅವ್ವ ಚಾವಡಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಪಾದದ ಬೆರಳುಗಳು ನೀಲಿಗಟ್ಟಿದ್ದವು. ಕಂಬಳಿ ಬಿಚ್ಚಿ ಹೊದೆಸಲು ಬಗ್ಗಿದೆ. ಅವ್ವ ಬೆಂಕಿ ತಾಗಿದವಳ ಹಾಗೆ ಕಾಲು ಎಳೆದುಕೊಂಡಳು.

"ಮುಟ್ಟಬೇಡ. ಒಳಗೆ ಹೋಗಿ ಬಂದವಳು ನೀನು. ಈಗ ಮುಟ್ಟಿದರೆ ನಾನು ಮೀಯಬೇಕು."

ಬಸ್ಸಿನಲ್ಲಿ ಜೋಡಿಸಿದ್ದು ಒಂದೂ ನೆನಪಿಗೆ ಬರಲಿಲ್ಲ. "ಅವ್ವ, ಆ ದಿನ ಅಜ್ಜಿಯನ್ನು ಒಳಗೆ ಕರೆದದ್ದು ನಾನು. ಮಗು ಕೂಗಿ ಅವಳು ಬಂದದ್ದಲ್ಲ. ನಾನು ನಿದ್ರೆ ಮಾಡ್ತಾ ಇರಲಿಲ್ಲ," ಎಂದೆ.

"ಗೊತ್ತುಂಟು," ಎಂದಳು ಅವ್ವ.

"ಅಜ್ಜಿ ಹೇಳಿದಳಾ?"

"ಅವರು ಎಂತಕ್ಕೆ ಹೇಳ್ತಾರೆ? ನಾನು ನಿನ್ನನ್ನು ಹೆತ್ತವಳಲ್ಲವಾ." ಆಮೇಲೆ ಸಿಟ್ಟಿಲ್ಲದೆ, ನಿಧಾನವಾಗಿ ಹೇಳಿದಳು, "ಅದಕ್ಕೇ ಹೇಳುದು ನಾನು, ಮುಟ್ಟಬೇಡ ಅಂತ. ನೀನು ಪ್ರೀತಿ ಮಾಡಲಿಕ್ಕೆ ಬರಬೇಡ."

ಕಂಬಳಿಗೆ ಮೈಲಿಗೆ ಇಲ್ಲ ಎನ್ನುತ್ತಾರೆ. ನಾನು ಅದನ್ನು ನೆಲದಲ್ಲಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಅವ್ವ ಕೈ ಚಾಚಿ ಎಳೆದುಕೊಂಡಳು. ಅವಳ ಬೆರಳುಗಳು ಮಡಚುತ್ತಿರಲಿಲ್ಲ, ಕಂಬಳಿಯ ಅಂಚು ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಹೇಗೋ ಕಾಲಿನ ಮೇಲೆ ಹಾಕಿಕೊಂಡಳು. ನಾನು ಕೈ ಕಟ್ಟಿಕೊಂಡು ನೋಡುತ್ತಾ ನಿಂತಿದ್ದೆ.